ಬಿಪಿ ಕಮ್ಮಿ ಇರೋ ಊರು

ಇದು ದಾವಣಗೆರೆ ಜಿಲ್ಲೆ ಜಗಳೂರು ತಾಲೂಕಿನ ಒಂದು ಸಬ್ ಸೆಂಟರಲ್ಲಿ, ಅಂದ್ರೆ ಹಳ್ಳಿ ಮಟ್ಟದ ಸರ್ಕಾರಿ ಆರೋಗ್ಯ ಉಪಕೇಂದ್ರದಲ್ಲಿ, ಬಿಪಿ ತಪಾಸಣೆ ಲೆಕ್ಕ ತಪ್ಪಿದ ಕೇಸು. ಊರಿನ ಹೆಸರು ಹಾಕಲ್ಲ, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಹೆಸರೂ ಹಾಕಲ್ಲ, ಜನರ ಹೆಸರೆಲ್ಲ ಬದಲಾಯಿಸಿದೀನಿ. ನಾನು ಅಲ್ಲಿ ಸಿಎಚ್‌ಒ, ಅಂದ್ರೆ ಕಮ್ಯುನಿಟಿ ಹೆಲ್ತ್ ಆಫೀಸರ್, ಊರವ್ರ ಬಾಯಲ್ಲಿ "ಮಾತ್ರೆ ಮೇಡಂ". ತಪ್ಪಲ್ಲಿ ನಂದೂ ಪಾಲಿದೆ ಅನ್ನೋದನ್ನ ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಅರ್ಧ ಓದೋ ಹೊತ್ತಿಗೆ ಇವ್ಳು ಎಲ್ಲಾನೂ ಆಶಾ ಕಾರ್ಯಕರ್ತೆಯರ ಮೇಲೆ ಎತ್ತಿ ಹಾಕ್ತಿದಾಳೆ ಅಂತ ಅನ್ನಿಸ್ಬಹುದು.

ನಮ್ಮ ಪಿಎಚ್‌ಸಿ ಕೆಳಗಿನ ಸೆಂಟರ್‌ಗಳಲ್ಲಿ ನಂದು ಒಳ್ಳೇ ಹೆಸರಿದ್ದ ಸೆಂಟರ್. 30 ವರ್ಷ ದಾಟಿದವರ ತಪಾಸಣೆ ಹತ್ತತ್ರ ಪೂರ್ತಿ ಆಗಿದೆ ಅಂತ ರಿಪೋರ್ಟು, ಅದ್ರಲ್ಲಿ ಬಿಪಿ ಶುಗರ್ ಸಿಕ್ಕಿದೋರು ಮಾತ್ರ ಬಹಳ ಕಮ್ಮಿ. ಪಕ್ಕದ ಸೆಂಟರಲ್ಲಿ ಉಲ್ಟಾ, ತಪಾಸಣೆ ಟಾರ್ಗೆಟ್ ಮುಟ್ಟಿಲ್ಲ, ಆದ್ರೆ ಬಿಪಿ ಲಿಸ್ಟು ಮಾತ್ರ ಏಳು ಪುಟ. ನಮ್ಮದು ಒಂದೂವರೆ ಪುಟ. ಎರಡೂರಿಗೂ ಮಧ್ಯೆ ಒಂದು ಹಳ್ಳ, ಮೂರು ಕಿಲೋಮೀಟರ್ ರಸ್ತೆ ಅಷ್ಟೇ. ಅಲ್ಲೂ ಮೆಕ್ಕೆಜೋಳ ಶೇಂಗಾ, ಇಲ್ಲೂ ಅದೇ, ಅಲ್ಲೂ ಬೋರ್ ನೀರು ಇಲ್ಲೂ ಬೋರ್ ನೀರು, ಇಲ್ಲಿಂದ ಹೆಣ್ಣು ಕೊಟ್ಟಿದಾರೆ ಅಲ್ಲಿಂದ ತಂದಿದಾರೆ, ಉಪ್ಪಿನಕಾಯಿ ಭರಣಿ ಕೂಡ ಎರಡೂ ಕಡೆ ಒಂದೇ ಸೈಜು. ಮೀಟಿಂಗಲ್ಲಿ ಆ ಸೆಂಟರ್ ಸಿಸ್ಟರ್‌ಗೆ "ಏನ್ರೀ ನಿಮ್ಮೂರವ್ರು ಉಪ್ಪೇ ಊಟ ಮಾಡ್ತಾರಾ" ಅಂತ ಜೋಕು, ನನಗೆ "ಇವ್ರನ್ನ ನೋಡಿ ಕಲೀರಿ". ನಾನು ತಲೆ ತಗ್ಗಿಸಿ ನಕ್ಕೆ. ಒಳಗೊಳಗೇ ಖುಷಿ ಆಗಿತ್ತು, ಯಾಕೆ ಸುಳ್ಳು ಹೇಳ್ಲಿ.

ಜೂನ್‌ನಲ್ಲಿ ಮಳೆ ಬಿತ್ತು, ಎಲ್ರೂ ಬಿತ್ತನೆಗೆ ಹೊಲದಲ್ಲಿ. ತಿಪ್ಪೇಶಣ್ಣ ಅಂತ, ನಲವತ್ತೈದರ ಆಸುಪಾಸು, ಕಡ್ಡಿಯಂಗೆ ಸಣ್ಣಗಿರೋ ಮನುಷ್ಯ, ಕೂರಿಗೆ ಹಿಂದೆ ಹೋಗ್ತಿದ್ದೋನು ಬೆಳಗ್ಗೆ ಎಂಟಕ್ಕೆ ಕುಸಿದು ಕೂತಿದಾನೆ. ಎಡಗೈ ಎತ್ತಕ್ಕಾಗ್ತಿಲ್ಲ, ಬಾಯಿ ಒಂದು ಕಡೆ ಸೊಟ್ಟ, ಮಾತು ತೊದಲು. ಹೊಲದೋರಿಗೆಲ್ಲ ಗೊತ್ತಾಗೋಗಿದೆ ಇದು ಲಕ್ವ ಅಂತ. ಆದ್ರೆ ಲಕ್ವ ಅಂದ ತಕ್ಷಣ ನಮ್ಮ ಕಡೆ ಜನಕ್ಕೆ ಮೊದ್ಲು ನೆನಪಾಗೋದು ಆಸ್ಪತ್ರೆ ಅಲ್ಲ, ನಾಟಿ ಔಷಧಿ. ಆಟೋ ಮಾಡ್ಕೊಂಡು ಇನ್ನೊಂದು ತಾಲೂಕಿನ ಊರಿಗೆ ಹೋಗಿ ಎಣ್ಣೆ ಹಚ್ಚಿಸ್ಕೊಂಡು, ಕಷಾಯ ಕುಡಿಸ್ಕೊಂಡು, ಸಂಜೆ ಇನ್ನೂ ಜಾಸ್ತಿ ಆಯ್ತು ಅಂತ ದಾವಣಗೆರೆಗೆ ಹೊತ್ಕೊಂಡು ಹೋಗೋ ಹೊತ್ತಿಗೆ ರಾತ್ರಿ ಎಂಟು. ಮೆದುಳಿನ ರಕ್ತನಾಳ ರಕ್ತ ಹೆಪ್ಪುಗಟ್ಟಿ ಮುಚ್ಚಿದ್ರೆ ಆ ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ, ಅದು ನಾಲ್ಕೂವರೆ ಗಂಟೆ ಒಳಗೆ ಬಿದ್ರೆ ಉಪಯೋಗ, ಇಲ್ಲಿ ಹನ್ನೆರಡು ಗಂಟೆ ದಾಟಿತ್ತು. ಪುಣ್ಯಕ್ಕೆ ಜೀವ ಉಳೀತು, ಎಡಗೈ ಮಾತ್ರ ಹಂಗೇ ಉಳೀತು. ಆಸ್ಪತ್ರೇಲಿ ನೋಡಿದಾಗ ಬಿಪಿ ಇನ್ನೂರರ ಮೇಲಿತ್ತಂತೆ.

ವಾರ ಕಳೆದು ಅವ್ರ ಹೆಂಡ್ತಿ ಹನುಮಕ್ಕ ಸಬ್ ಸೆಂಟರಿಗೆ ಬಂದ್ರು. ಡಾಕ್ಟ್ರು ಕೇಳಿದಾರೆ, ಹಿಂದೆ ಯಾವಾಗಾದ್ರೂ ಬಿಪಿ ನೋಡ್ಸಿದ್ರೆ ಎಷ್ಟಿತ್ತು ಬರ್ಸ್ಕೊಂಡು ಬನ್ನಿ ಅಂತ. ನಾನು ಧೈರ್ಯವಾಗಿ ರಿಜಿಸ್ಟರ್ ತೆಗೆದೆ, ಹೆಸರು ಸಿಕ್ತು, ಮಾರ್ಚ್ ತಿಂಗಳ ಎಂಟ್ರಿ, 120/80. "ನಾರ್ಮಲ್ ಇತ್ತು ನೋಡ್ರಿ ಹನುಮಕ್ಕ, ಆಮೇಲೆ ಏರಿರಬೇಕು" ಅಂದೆ. ಆಯಮ್ಮ ನನ್ನ ಮುಖ ನೋಡಿದ್ರು. "ಯಾವಾಗ ನೋಡಿದ್ರಿ ಮೇಡಂ? ಮಾರ್ಚ್‌ನಾಗೆ ನಾವು ಬಾಳೆಹೊನ್ನೂರು ಕಡೆ ಎಸ್ಟೇಟ್‌ನಾಗೆ ಇದ್ವಲ್ಲ, ಯುಗಾದಿ ಮುಗ್ಸಿಕೊಂಡೇ ಬಂದಿದ್ದು." ಅವ್ರು ಜಗಳ ಆಡೋಕೆ ಕೇಳಿದ್ದಲ್ಲ, ನಿಜವಾಗ್ಲೂ ಲೆಕ್ಕ ತಪ್ಪಿತಾ ಅಂತ ಬೆರಳು ಎಣಿಸ್ತಾ ಕೇಳಿದ್ರು. ನಾನು ಪೆನ್ನು ಕೆಳಗಿಟ್ಟೆ. ಏನೂ ಹೇಳಕ್ಕಾಗ್ಲಿಲ್ಲ, "ನೋಡ್ತೀನಿ ಅಕ್ಕ" ಅಂದೆ ಅಷ್ಟೇ, ಆಯಮ್ಮ ಚೀಟಿ ಇಲ್ದೇ ವಾಪಸ್ ಹೋದ್ರು.

ಅವತ್ತು ಸಂಜೆ ಬಾಗಿಲು ಹಾಕ್ಕೊಂಡು ಆ ರಿಜಿಸ್ಟರ್ ಪೂರ್ತಿ ನೋಡಿದೆ. ನೋಡ್ತಾ ಹೋದ್ರೆ 120/80, 120/80, 110/70, 130/80, 120/80, ಪುಟಪೂರ್ತಿ ಸೊನ್ನೆಗಳು. ನಮ್ಮ ಸೆಂಟರಲ್ಲಿ ಇರೋದು ಡಿಜಿಟಲ್ ಮಷಿನ್, ಅದು 127/83 ತೋರ್ಸುತ್ತೆ, 134/76 ತೋರ್ಸುತ್ತೆ, ಹತ್ತು ಜನಕ್ಕೆ ನೋಡಿದ್ರೆ ಕೊನೇ ಅಂಕಿ ಸೊನ್ನೆ ಬರೋದು ಒಬ್ಬರಿಗೋ ಇಬ್ಬರಿಗೋ. ಎಲ್ರಿಗೂ ಸೊನ್ನೆ ಬಂದಿದೆ ಅಂದ್ರೆ ಅದು ಮಷಿನ್ ಬರೆದಿದ್ದಲ್ಲ, ಪೆನ್ನು ಬರೆದಿದ್ದು. ಹಳೇ ಪಾದರಸದ ಮಷಿನ್ ಕಾಲದಲ್ಲಿ ಕಣ್ಣಿಗೆ ಕಂಡಂಗೆ ರೌಂಡ್ ಮಾಡೋ ಅಭ್ಯಾಸ ದೊಡ್ಡ ಡಾಕ್ಟ್ರಿಗೂ ಇತ್ತು, ಅದು ಬೇರೆ ಮಾತು. ಇದು ಹಂಗಲ್ಲ. ಆ ಮಾರ್ಚ್‌ನ ಕೊನೇ ವಾರ ನಂಗೆ ಚೆನ್ನಾಗಿ ನೆನಪಿದೆ. ಮಷಿನ್‌ಗೆ ನಾಲ್ಕು ಪೆನ್ಸಿಲ್ ಸೆಲ್ ಬೇಕು, ಸೆಲ್ ಖಾಲಿ, ನಾನೇ ತಂದು ಹಾಕ್ಬೇಕು ಅನ್ಕೊಂಡು ಅನ್ಕೊಂಡು ಮರ್ತಿದ್ದೆ. ಟಾರ್ಗೆಟ್ ಮುಟ್ಟೋಕೆ ಮೂರು ದಿನ ಬಾಕಿ, ಮೇಲಿಂದ ದಿನಕ್ಕೆ ಎರಡು ಫೋನು. ನಮ್ಮ ಆಶಾ ಗೌರಕ್ಕ ಮನೆಮನೆಗೆ ಹೋಗಿ ಸಿಬ್ಯಾಕ್ ಫಾರ್ಮ್ ತುಂಬ್ಸಿದ್ರು, ವಯಸ್ಸು, ಬೀಡಿ ಗುಟ್ಕಾ, ಕುಡಿತ, ಸೊಂಟದ ಸುತ್ತಳತೆ, ಮನೇಲಿ ಯಾರಿಗಾದ್ರೂ ಬಿಪಿ ಶುಗರ್ ಇದ್ಯಾ, ಇದೆಲ್ಲ ಕೇಳಿ ಮಾರ್ಕ್ಸ್ ಹಾಕಿ ನಾಲ್ಕು ದಾಟಿದ್ರೆ ರಿಸ್ಕ್ ಅಂತ ಗುರುತು ಮಾಡೋ ಫಾರ್ಮ್ ಅದು, ಒಂದಕ್ಕೆ ಆಶಾಗೆ ಸಿಗೋದು ಹತ್ತು ರೂಪಾಯಿ. ಫಾರ್ಮ್ ಇದೆ, ಬಿಪಿ ಕಾಲಂ ಖಾಲಿ. "ಮೇಡಂ ಇದನ್ನೇನು ಮಾಡೋದು" ಅಂತ ಗೌರಕ್ಕ ಕೇಳಿದ್ರು, ನಾನು "ಗೊತ್ತಿರೋ ಮುಖಗಳೇ ಅಲ್ವಾ, ನಾರ್ಮಲ್ ಹಾಕಿ, ಏಪ್ರಿಲ್‌ನಲ್ಲಿ ಒಂದು ರೌಂಡ್ ಮತ್ತೆ ನೋಡೋಣ" ಅಂದೆ. ಏಪ್ರಿಲ್‌ನಲ್ಲಿ ಬೇರೆ ಟಾರ್ಗೆಟ್ ಬಂತು. ಪ್ರತಿ ಪುಟದ ಕೆಳಗೆ ಸಹಿ ನಂದೇ. ಊರಲ್ಲಿಲ್ದೇ ಇದ್ದೋರಿಗೂ ಯಾಕೆ ಬರೆದ್ರಿ ಅಂತ ಆಮೇಲೆ ಗೌರಕ್ಕನ್ನ ಕೇಳಿದ್ರೆ, "ಫಾರ್ಮ್ ಅವ್ರ ತಾಯಿ ಹೇಳಿ ತುಂಬ್ಸಿದ್ರಲ್ಲ ಮೇಡಂ, ನೀವೇ ನಾರ್ಮಲ್ ಹಾಕಿ ಅಂದ್ರಲ್ಲ" ಅಂದ್ರು. ಉತ್ತರ ಇಲ್ಲ ನನ್ನ ಹತ್ರ.

ಈಗ ಸ್ವಲ್ಪ ಲೆಕ್ಕ. ಒಂದೂವರೆ ಪುಟ ನೋಡಿದಾಗ್ಲೇ ನಂಗೆ ಡೌಟ್ ಬರ್ಬೇಕಿತ್ತು, ಯಾಕಂದ್ರೆ ಎಷ್ಟಿರ್ಬೇಕು ಅಂತ ಅಂದಾಜು ಸಿಗೋಕೆ ದೊಡ್ಡ ಬುದ್ಧಿ ಬೇಕಾಗಿಲ್ಲ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಗೇ ಹೋಗಿ ಮಷಿನ್ ಹಚ್ಚಿ ಬಿಪಿ ನೋಡಿದಾರೆ. ಇಡೀ ದೇಶದಲ್ಲಿ 15 ದಾಟಿದ ಹೆಂಗಸರಲ್ಲಿ ನೂರಕ್ಕೆ 21.3, ಗಂಡಸರಲ್ಲಿ 24 ಜನಕ್ಕೆ ಬಿಪಿ 140/90 ಅಥವಾ ಅದಕ್ಕಿಂತ ಮೇಲೆ, ಇಲ್ಲಾ ಬಿಪಿ ಮಾತ್ರೆ ತಗೋತಿರೋರು. ಶುಗರ್ ಜಾಸ್ತಿ ಇರೋರು ಹೆಂಗಸರಲ್ಲಿ 13.5, ಗಂಡಸರಲ್ಲಿ 15.6. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿದು) 20 ದಾಟಿದವರದ್ದು, ಅದ್ರಲ್ಲಿ ನೂರಕ್ಕೆ ಬಿಪಿ 35.5, ಶುಗರ್ 11.4, ಇನ್ನೇನು ಶುಗರ್ ಬರೋ ಗಡಿಯಲ್ಲಿರೋರು 15.3. ಎರಡರ ನಂಬರ್ ಬೇರೆ ಬೇರೆ ಯಾಕೆ ಅಂತ ತಲೆ ಕೆಡಿಸ್ಕೋಬೇಡಿ, ಯಾವ ವಯಸ್ಸಿನಿಂದ ಎಣಿಸಿದ್ರು, ಹೆಂಗೆ ಅಳೆದ್ರು, ಯಾವ ವರ್ಷ ನೋಡಿದ್ರು ಅನ್ನೋದ್ರ ಮೇಲೆ ಬದಲಾಗುತ್ತೆ. ನಮ್ಮದು 30 ದಾಟಿದವರ ಲಿಸ್ಟು, ವಯಸ್ಸು ಏರಿದಂಗೆ ಬಿಪಿ ಏರುತ್ತೆ, ಅಂದ್ಮೇಲೆ ಎಷ್ಟೇ ಕಮ್ಮಿ ಹಿಡಿದ್ರೂ ನಾಲ್ಕು ಜನಕ್ಕೆ ಒಬ್ರಾದ್ರೂ ಸಿಗ್ಬೇಕು. ಲೆಕ್ಕಕ್ಕೆ ಅಂತ ಒಂದು ಊರಲ್ಲಿ 30 ದಾಟಿದವ್ರು ಸಾವಿರ ಜನ ಇಟ್ಕೊಳ್ಳಿ, ಇನ್ನೂರೈವತ್ತರ ಹತ್ರ ಹೆಸರು ಬರ್ಬೇಕು, ಒಂದು ಪುಟಕ್ಕೆ ಮೂವತ್ತು ಹೆಸರು ಅಂದ್ರೆ ಎಂಟು ಪುಟ. ಪಕ್ಕದ ಸೆಂಟರ್ ಸಿಸ್ಟರ್ ಏಳು ಪುಟ ಬರೆದಿದ್ರಲ್ಲ, ಅವ್ರು ಬೈಸ್ಕೊಂಡಿದ್ದು ಕೆಲಸ ಮಾಡಿದ್ದಕ್ಕೆ. ನನ್ನ ಊರಲ್ಲಿ ರೋಗ ಕಮ್ಮಿ ಇರ್ಲಿಲ್ಲ, ನೋಡಿದ್ದು ಕಮ್ಮಿ. ರೋಗದ ಪ್ರಮಾಣ ಅಂತ ಪಟ್ಟಿ ಮಾಡಿ ಊರೂರಿಗೆ ಹೋಲಿಸ್ತಾರಲ್ಲ, ತಪಾಸಣೆ ಹೆಂಗೆ ನಡೀತು, ಯಾರನ್ನ ನೋಡಿದ್ರು, ಯಾರು ಸಿಗ್ಲಿಲ್ಲ ಅನ್ನೋದು ಪಕ್ಕದ ಕಾಲಂನಲ್ಲಿ ಇಲ್ದೇ ಇದ್ರೆ ಆ ಹೋಲಿಕೆಗೆ ಅರ್ಥಾನೇ ಇಲ್ಲ.

ಇನ್ನು ನೂರಕ್ಕೆ ಎಷ್ಟು ಅಂತೀವಲ್ಲ, ಆ ನೂರು ಯಾರು ಅನ್ನೋದೇ ಇನ್ನೊಂದು ಗೋಳು. 30 ದಾಟಿದವರ ಈ ತಪಾಸಣೆ ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ ಜನಸಂಖ್ಯೆಯ 37 ಪರ್ಸೆಂಟ್ ಜನ 30 ದಾಟಿದೋರು ಅಂತ ಹಿಡಿದಿದಾರೆ, 5000 ಜನರ ಸಬ್ ಸೆಂಟರಿಗೆ 1850. ಇಡೀ ದೇಶಕ್ಕೆ ಒಂದೇ ಅಂದಾಜು. ಕರ್ನಾಟಕದಲ್ಲಿ ಹುಟ್ಟೋ ಮಕ್ಕಳು ಕಮ್ಮಿಯಾಗಿ ವರ್ಷಗಳಾಯ್ತು, ಇಲ್ಲಿ 30 ದಾಟಿದೋರ ಪಾಲು ಅದಕ್ಕಿಂತ ಜಾಸ್ತಿ, ಹಂಗಾಗಿ ಟಾರ್ಗೆಟ್ ಮುಟ್ಟಿದ್ರೂ ಊರಲ್ಲಿ ಮುಟ್ಟದೇ ಇರೋ ಜನ ಇರ್ತಾರೆ. ಮೂಲ ಜನಸಂಖ್ಯೆ ತಗೊಳೋದು 2011ರ ಜನಗಣತಿಯಿಂದ, ಆಮೇಲೆ ಗಣತಿ ಆಗಿಲ್ಲ. ಜಿಲ್ಲೆ ಲೆಕ್ಕಕ್ಕೆ ಬಂದ್ರೆ ಇನ್ನೂ ತಮಾಷೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋ ತನಕ ನಮ್ಮ ಜಗಳೂರು ಚಿತ್ರದುರ್ಗ ಜಿಲ್ಲೇಲಿ ಇತ್ತು, ಹರಪನಹಳ್ಳಿ ಬಳ್ಳಾರಿಯಿಂದ ಬಂತು, 2018ರಲ್ಲಿ ಹರಪನಹಳ್ಳಿ ವಾಪಸ್ ಬಳ್ಳಾರಿಗೆ ಹೋಯ್ತು, 2021ರಲ್ಲಿ ಅಲ್ಲಿಂದ ವಿಜಯನಗರಕ್ಕೆ. 2011ರ ಗಣತೀಲಿ ದಾವಣಗೆರೆ ಜಿಲ್ಲೆ 19 ಲಕ್ಷ 45 ಸಾವಿರ, ಅದ್ರಲ್ಲಿ ಹರಪನಹಳ್ಳಿಯ ಸುಮಾರು ಮೂರು ಲಕ್ಷ ಜನ ಈಗ ನಮ್ಮೋರಲ್ಲ. ಆ ಕುಟುಂಬ ಸಮೀಕ್ಷೆ ಮಾಡಿದ್ದು 2017 ಮಾರ್ಚ್ ಕೊನೇಲಿ ಇದ್ದ ಜಿಲ್ಲೆಗಳ ಪ್ರಕಾರ, ಅಂದ್ರೆ ಸಮೀಕ್ಷೆಯ ದಾವಣಗೆರೆಯಲ್ಲಿ ಹರಪನಹಳ್ಳಿ ಇದೆ, ನಮ್ಮ ಆಫೀಸಿನ ದಾವಣಗೆರೆಯಲ್ಲಿ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಏರಿತು ಇಳೀತು ಅನ್ನೋರನ್ನ ನೋಡಿದ್ರೆ ನಗು ಬರುತ್ತೆ. ಒಂದು ಜಿಲ್ಲೆಗೆ ಒಂದೇ ನಂಬರ್ ಕೊಟ್ರೆ ಅದ್ರಲ್ಲಿ ಭದ್ರಾ ಚಾನಲ್ ನೀರಿನ ಗದ್ದೆ ಊರೂ ಇದೆ, ಸೂಳೆಕೆರೆ ಸುತ್ತಿನ ಅಡಿಕೆ ತೋಟದ ಊರೂ ಇದೆ, ಸಾವಿರ ಅಡಿ ಕೊರೆದ್ರೂ ಧೂಳು ಬರೋ ನಮ್ಮೂರೂ ಇದೆ.

ಹೋಗ್ಲಿ, ನಮ್ಮೂರಿಗೆ ಬರ್ತೀನಿ. ಸುಳ್ಳು ಎಂಟ್ರಿ ಬಿಟ್ಟು ನಿಜವಾಗಿ ನೋಡಿದ್ದ ಎಂಟ್ರಿಗಳನ್ನ ಬೇರೆ ಮಾಡಿದೆ, ಅಂಕಿ ಸೊನ್ನೆ ಇಲ್ದಿರೋದೆಲ್ಲ ನಿಜ ಅಂತ ಹಿಡಿದು. ಅದ್ರಲ್ಲೂ ವಿಚಿತ್ರ. ಮುಕ್ಕಾಲು ಪಾಲು ಹೆಂಗಸರು, ಅದ್ರಲ್ಲೂ ಅಂಗನವಾಡಿ ಸುತ್ತಮುತ್ತ ಮನೆಯೋರು. ಯಾಕಂದ್ರೆ ನಾನು ಸೆಂಟರಲ್ಲಿ ಇರೋದು ಹತ್ತರಿಂದ ನಾಲ್ಕೂವರೆ, ಆ ಹೊತ್ತಲ್ಲಿ ಊರಲ್ಲಿ ಸಿಗೋದು ಮುದುಕ್ರು, ಬಾಣಂತಿಯರು, ಅರಳಿಕಟ್ಟೆ ಮೇಲೆ ಇಸ್ಪೀಟ್ ಆಡೋ ನಾಲ್ಕು ಜನ. ತಾಂಡದೋರು ಬೆಳಗ್ಗೆ ಆರೂವರೆಗೆ ಟಾಟಾ ಏಸ್ ಹತ್ತಿದ್ರೆ ಬರೋದು ಕತ್ತಲಾದ್ಮೇಲೆ, ತಾಂಡದ ಒಂದು ಹೆಸರೂ ಬಿಪಿ ಲಿಸ್ಟಲ್ಲಿ ಇರ್ಲಿಲ್ಲ. ಸ್ವಲ್ಪ ಅನುಕೂಲ ಇರೋರು ದಾವಣಗೆರೇಲಿ ಪ್ರೈವೇಟ್ ಡಾಕ್ಟ್ರ ಹತ್ರ ಮಾತ್ರೆ ತಗೋತಾರೆ, ಅವ್ರನ್ನ ನಾವು ಕೇಳಿದ್ರೆ "ನಂದು ನಡೀತಾ ಐತೆ ಬಿಡ್ರಿ" ಅಂತಾರೆ, ನಾವೂ ಬಿಡ್ತೀವಿ. ಬಿಪಿ ಇರೋದು ಖಾತ್ರಿ ಇದ್ರೂ ಲಿಸ್ಟಲ್ಲಿ ಅವ್ರಿಲ್ಲ. ಸೊಂಟದ ಟೇಪು ಇನ್ನೊಂದು ಕಥೆ. ಗಂಡಸ್ರಿಗೆ 90 ಸೆಂಟಿಮೀಟರ್, ಹೆಂಗಸ್ರಿಗೆ 80 ಗಡಿ, ಅದಕ್ಕಿಂತ ಮೇಲಿದ್ರೆ ಮಾರ್ಕ್ಸ್. ಗೌರಕ್ಕ ಅದೇ ಊರಿನ ಸೊಸೆ, ಅವ್ರು ಮಾವನ ವರಸೆಯೋರ ಸೊಂಟಕ್ಕೆ ಟೇಪು ಸುತ್ತೋದುಂಟಾ? ಊರಿನ ಗಂಡಸ್ರೆಲ್ಲರ ಸೊಂಟ 88. ಗೌಡ್ರ ಮನೆ ಯಜಮಾನ್ರದ್ದೂ 88, ಅವ್ರು ಬಸ್ ಸೀಟಲ್ಲಿ ಒಬ್ರೇ ಕೂರ್ತಾರೆ. ಅದೂ ಅಲ್ದೇ ತಿಪ್ಪೇಶಣ್ಣನಂಥ ಸಣಕಲು, ದಿನಾ ಮೈ ಮುರಿದು ದುಡಿಯೋ ಮನುಷ್ಯ ಫಾರ್ಮ್ ಪ್ರಕಾರ ಕಮ್ಮಿ ರಿಸ್ಕು. ಫಾರ್ಮ್ ಮಾರ್ಕ್ಸ್ ಎಷ್ಟೇ ಬಂದ್ರೂ 30 ದಾಟಿದ ಎಲ್ರಿಗೂ ಬಿಪಿ ನೋಡ್ಬೇಕು ಅಂತಾನೇ ನಿಯಮ, ಮಾರ್ಕ್ಸ್ ಬರೀ ಯಾರನ್ನ ಮೊದ್ಲು ಕರೀಬೇಕು ಅನ್ನೋದಕ್ಕೆ. ನಾವು ಕಮ್ಮಿ ಮಾರ್ಕ್ಸ್ ಅಂದ್ರೆ ಪಾಸು ಅಂದ್ಕೊಂಡಿದ್ವಿ.

ಮತ್ತೆ ಮೊದಲಿಂದ ಶುರು ಮಾಡೋಣ ಅಂದಾಗ ಗೌರಕ್ಕನೇ ಐಡಿಯಾ ಕೊಟ್ಟಿದ್ದು. "ಮೇಡಂ, ಊರೆಲ್ಲ ಒಂದು ಕಡೆ ಸೇರೋದು ಹಾಲಿನ ಡೈರಿ ಹತ್ರ, ಬೆಳಗ್ಗೆ ಆರಕ್ಕೆ ಬರ್ರಿ." ನಾನಿರೋದು ಜಗಳೂರಲ್ಲಿ ರೂಮ್ ಮಾಡ್ಕೊಂಡು, ಐದೂಕಾಲಿಗೆ ಸ್ಕೂಟಿ ಹತ್ತಬೇಕು, ಚಳಿ, ನಾಯಿಗಳು, ಆದ್ರೂ ಹೋದೆ. ಡೈರಿ ಮುಂದೆ ಕಲ್ಲಿನ ಬೆಂಚು, ಕ್ಯಾನು ಇಟ್ಟು ಸಾಲು, ಹಾಲಿಗೆ ಲ್ಯಾಕ್ಟೋಮೀಟರ್ ಹಾಕೋ ಹುಡುಗ ಒಳಗೆ, ಬಿಪಿ ಮಷಿನ್ ಇಟ್ಕೊಂಡು ನಾನು ಹೊರಗೆ. ಮೊದಲ್ನೇ ದಿನ ಯಾರೂ ಹತ್ರ ಬರ್ಲಿಲ್ಲ. ಡೈರಿ ಸೆಕ್ರೆಟರಿ ತಾನೇ ಮೊದ್ಲು ಕೂತು ಕೈ ಚಾಚಿದ, 162/98, ಮುಖ ಪೆಚ್ಚಾಯ್ತು. "ಹಾಲಿಗಿಂತ ನಿನ್ನ ಡಿಗ್ರಿನೇ ಜಾಸ್ತಿ ಐತಲ್ಲೋ" ಅಂತ ಸಾಲಲ್ಲಿ ನಿಂತೋರು ನಕ್ಕರು, ನಗ್ತಾ ನಗ್ತಾ ಒಬ್ಬೊಬ್ರೇ ಬಂದ್ರು.

ಬಿಪಿ ನೋಡೋದು ಅಂದ್ರೆ ಪಟ್ಟಿ ಸುತ್ತಿ ಬಟನ್ ಒತ್ತೋದಲ್ಲ. ಕ್ಯಾನು ಹೊತ್ಕೊಂಡು ಬಂದ ತಕ್ಷಣ ನೋಡಿದ್ರೆ ಏರೇ ಇರುತ್ತೆ, ಐದು ನಿಮಿಷ ಸುಮ್ನೆ ಕೂರಿಸ್ಬೇಕು, ಬೆನ್ನು ಗೋಡೆಗೆ ಒರಗಬೇಕು, ಕಾಲು ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಬೇಡ, ಕೈ ಎದೆ ಮಟ್ಟಕ್ಕೆ ಇರ್ಬೇಕು, ಸ್ವೆಟರ್ ಮೇಲೆ ಪಟ್ಟಿ ಕಟ್ಟಬಾರದು, ಅರ್ಧ ಗಂಟೆ ಮುಂಚೆ ಬೀಡಿ ಟೀ ಆಗಿರಬಾರದು. ಡೈರಿ ಹತ್ರ ಬೀಡಿ ಇಲ್ದೇ ಇರೋ ಗಂಡಸು ಯಾರಿದಾರೆ? ಒಬ್ಬ ತಾತ "ಬೀಡಿ ಸೇದ್ದೇ ಕುಂತ್ರೆ ನಂಗೆ ಬಿಪಿ ಏರ್ತದವ್ವ" ಅಂದ. ಆಮೇಲೆ ಒಂದು ಉಪಾಯ ಮಾಡಿದ್ವಿ, ಹಾಲು ಹಾಕಿ ಚೀಟಿ ಇಸ್ಕೊಂಡೋರು ಬೆಂಚಿನ ಆ ತುದೀಲಿ ಕೂತು ಸರ್ಕೊಂಡು ಸರ್ಕೊಂಡು ಈ ತುದಿಗೆ ಬರೋ ಹೊತ್ತಿಗೆ ಐದು ನಿಮಿಷ ಆಗಿರುತ್ತೆ. ಎರಡು ಸಲ ನೋಡೋದು. 140/90 ಮುಟ್ಟಿದ್ರೆ ಅವತ್ತೇ ಬಿಪಿ ಅಂತ ಹಣೆಪಟ್ಟಿ ಹಚ್ಚಲ್ಲ, ಇನ್ನೊಂದು ದಿನ ಮತ್ತೆ ನೋಡಿ ಪಿಎಚ್‌ಸಿ ಡಾಕ್ಟ್ರ ಹತ್ರ ಕಳಿಸೋದು. ಬೆಳಗ್ಗೆ ಬರೀ ಹೊಟ್ಟೇಲಿ ಸಿಗೋದ್ರಿಂದ ಶುಗರ್‌ಗೂ ಅನುಕೂಲ ಆಯ್ತು, ಬೆರಳು ಚುಚ್ಚಿ ನೋಡಿ 126 ದಾಟಿದವ್ರನ್ನ ಕಳಿಸಿದ್ವಿ, ಪಿಎಚ್‌ಸೀಲಿ ರಕ್ತ ತೆಗೆದು ಖಾತ್ರಿ ಮಾಡಿದ್ರು. ಮಷಿನ್ ತೋರ್ಸಿದ ಅಂಕಿ ಹಂಗೇ ಬರೆಯೋದು, 127 ಇದ್ರೆ 127. ಗೌರಕ್ಕ ಮೊದಮೊದಲು ಕೈ ತಪ್ಪಿ 130 ಅಂತಾನೇ ಬರೀತಿದ್ರು, ಅಭ್ಯಾಸ.

ತಾಂಡಕ್ಕೆ ರಾತ್ರಿ ಎಂಟಕ್ಕೆ ಹೋದ್ವಿ, ಸೇವಾಲಾಲ್ ಗುಡಿ ಮುಂದೆ ಲೈಟ್ ಕೆಳಗೆ. ಅಲ್ಲಿ ಕಂಡಿದ್ದು ಇನ್ನೊಂದು ವಿಷಯ. ಬಿಪಿ ಏರಿರೋ ಎಷ್ಟೋ ಜನರ ಹತ್ರ ಕೇಳಿದ್ರೆ ದಿನಾ ಒಂದು ನೋವಿನ ಮಾತ್ರೆ, ಕಿರಾಣಿ ಅಂಗಡೀಲೇ ಸಿಗುತ್ತೆ. ನಮ್ಮ ಸೀಮೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಹೊಸದಲ್ಲ, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಜಗಳೂರು, ಚಳ್ಳಕೆರೆ ಕಡೆ ದಾಟಿರೋ ಊರು ಬೇಕಾದಷ್ಟಿವೆ. ಹಲ್ಲಿನ ಮೇಲೆ ಕಂದು ಪಟ್ಟೆ ನೋಡಿದ್ರೇ ಇದು ಯಾವ ಕಡೆಯೋರು ಅಂತ ಹೇಳ್ಬಹುದು. ಮಂಡಿ ನೋವು ಸೊಂಟ ನೋವು ಅಂದ್ರೆ ಎಲ್ರ ಬಾಯಲ್ಲೂ ಒಂದೇ ಮಾತು, "ನೀರಿಂದು ಕಣವ್ವ". ಶುದ್ಧ ನೀರಿನ ಘಟಕ ಇದೆ, ಐದು ರೂಪಾಯಿ ಕಾಯಿನ್ ಹಾಕಿದ್ರೆ ಕ್ಯಾನ್ ತುಂಬುತ್ತೆ, ಕೆಟ್ಟು ನಿಂತಾಗ ಮತ್ತೆ ಬೋರ್ ನೀರೇ. ನೋವಿಗೆ ಮಾತ್ರೆ ನುಂಗ್ತಾರೆ, ಆ ಥರದ ಮಾತ್ರೆ ದಿನಾ ನುಂಗಿದ್ರೆ ಬಿಪಿ ಏರುತ್ತೆ, ಕಿಡ್ನಿಗೂ ಕೆಟ್ಟದ್ದು. ತಿಪ್ಪೇಶಣ್ಣನೂ ಎಸ್ಟೇಟಲ್ಲಿ ಕಾಫಿ ಹಣ್ಣು ಕುಯ್ಯೋ ದಿನಗಳಲ್ಲಿ ದಿನಕ್ಕೆರಡು ನುಂಗ್ತಿದ್ರಂತೆ. ಅವ್ರ ಲಕ್ವಕ್ಕೆ ಅದೇ ಕಾರಣ ಅಂತ ನಾನು ಹೇಳಲ್ಲ, ಹಂಗೆ ಹೇಳೋಕಾಗಲ್ಲ, ಆದ್ರೆ ಫಾರ್ಮಲ್ಲಿ ಬೀಡಿ ಕೇಳ್ತೀವಿ, ಕುಡಿತ ಕೇಳ್ತೀವಿ, ನೋವಿನ ಮಾತ್ರೆ ಕೇಳೋ ಕಾಲಂ ನಾನೇ ಪೆನ್ನಲ್ಲಿ ಗೀಟು ಹಾಕಿ ಸೇರಿಸ್ಕೊಂಡೆ.

ಕ್ಯಾನ್ಸರ್ ತಪಾಸಣೆ ಬಗ್ಗೆ ಜಾಸ್ತಿ ಬರೆಯೋಕೆ ನಂಗೆ ಮುಖ ಇಲ್ಲ. ಬಿಪಿ ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕೊರಳು, ಈ ಮೂರು ಕ್ಯಾನ್ಸರ್ ಐದು ವರ್ಷಕ್ಕೊಂದ್ಸಲ ನೋಡ್ಬೇಕು. ಅದೇ ಕುಟುಂಬ ಸಮೀಕ್ಷೆ ಪ್ರಕಾರ ದೇಶದಲ್ಲಿ 30ರಿಂದ 49ರ ಹೆಂಗಸರಲ್ಲಿ ಗರ್ಭಕೊರಳಿನ ತಪಾಸಣೆ ಜೀವನದಲ್ಲಿ ಒಂದ್ಸಲ ಮಾಡಿಸ್ಕೊಂಡೋರು ನೂರಕ್ಕೆ 1.9, ಸ್ತನದ್ದು 0.9, ಬಾಯಿದು 0.9. ನಮ್ಮ ರಿಜಿಸ್ಟರಲ್ಲಿ ಮಾತ್ರ ಮೂರೂ ಕಾಲಂಗೆ ಟಿಕ್ಕು, "ಶಂಕೆ ಇಲ್ಲ". ಬಾಯಿ ಕ್ಯಾನ್ಸರ್ ನೋಡೋಕೆ ಒಂದು ಟಾರ್ಚ್ ಸಾಕು, ಬೆಂಚಿನ ಮೇಲೇ ನೋಡಿದ್ವಿ, ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗುತ್ತಾ ಅಂದ್ರೆ ಗುಟ್ಕಾ ಹಾಕೋ ಹುಡುಗ್ರಲ್ಲಿ ಎರಡಕ್ಕೇ ನಿಂತೋರು ಸಿಕ್ಕರು, ಇಪ್ಪತ್ತೆಂಟರ ಹುಡುಗನೂ ಇದ್ದ, ಅವನು 30 ದಾಟಿಲ್ಲ ಅಂತ ನಮ್ಮ ಲೆಕ್ಕಕ್ಕೇ ಬರಲ್ಲ, ಆದ್ರೂ ದಾವಣಗೆರೆಗೆ ಚೀಟಿ ಬರೆದೆ. ಗರ್ಭಕೊರಳಿಗೆ ಅಸಿಟಿಕ್ ಆಸಿಡ್ ಹಚ್ಚಿ ಬೆಳ್ಳಗಾಗುತ್ತಾ ನೋಡೋ ಪರೀಕ್ಷೆ ನಮ್ಮ ಸೆಂಟರಲ್ಲಿ ಆಗ್ತಿರ್ಲಿಲ್ಲ. ಕಾರಣ ಕೇಳಿದ್ರೆ ನಗ್ತೀರಾ, ಒಳ ರೂಮಿಗೆ ಚಿಲಕ ಇಲ್ಲ. ಚಿಲಕ ಇಲ್ದಿರೋ ರೂಮಲ್ಲಿ ಯಾವ ಹೆಂಗಸು ಮಲಗ್ತಾಳೆ? ಚಿಲಕ ಹಾಕ್ಸಿದ್ದಾಯ್ತು, ಮೂವತ್ತೈದು ರೂಪಾಯಿ. ಆಮೇಲೂ ಬಂದೋರು ಬೆರಳೆಣಿಕೆ, "ಮೂರು ಹೆತ್ತೀನಿ, ಇನ್ನೇನು ನೋಡ್ತೀರಿ" ಅನ್ನೋರೇ ಜಾಸ್ತಿ. ಅದು ಇನ್ನೂ ಹಂಗೇ ಇದೆ.

ನಾಲ್ಕು ತಿಂಗಳಾದ್ಮೇಲೆ ರಿವ್ಯೂ ಮೀಟಿಂಗ್. ನಮ್ಮ ಬಿಪಿ ಲಿಸ್ಟು ಒಂದೂವರೆ ಪುಟದಿಂದ ಆರೂವರೆ ಪುಟಕ್ಕೆ ಬಂದಿತ್ತು. "ಏನಾಯ್ತ್ರಿ ನಿಮ್ಮೂರಿಗೆ, ಒಳ್ಳೇ ಇತ್ತಲ್ಲ, ನೀರಲ್ಲೇನಾದ್ರೂ ಬಂತಾ" ಅಂತ ಕೇಳಿದ್ರು, ತಮಾಷೆಗಲ್ಲ, ಸೀರಿಯಸ್ಸಾಗೇ. ಪಕ್ಕದ ಸೆಂಟರ್ ಸಿಸ್ಟರ್ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು. ನಾನು ಎದ್ದು ನಿಂತು ಹಳೇದು ನೋಡ್ದೇ ಬರೆದಿದ್ದು, ಈಗಿಂದು ನೋಡಿ ಬರೆದಿದ್ದು ಅಂದ್ಬಿಟ್ಟೆ. ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ, ಆಮೇಲೆ ಮುಂದಿನ ಅಜೆಂಡಾಗೆ ಹೋದ್ರು, ಲಸಿಕೆದು. ಮೆಮೋ ಬರುತ್ತೆ ಅನ್ಕೊಂಡಿದ್ದೆ, ಬರ್ಲಿಲ್ಲ, ಶಹಬ್ಬಾಸ್ ಕೂಡ ಬರ್ಲಿಲ್ಲ. ಬಂದಿದ್ದು ಮಾತ್ರೆ ಕೊರತೆ. ಹಳೇ ಒಂದೂವರೆ ಪುಟದ ಲೆಕ್ಕದಲ್ಲಿ ಇಂಡೆಂಟ್ (ಮಾತ್ರೆ ಬೇಡಿಕೆ ಪಟ್ಟಿ) ಹೋಗಿತ್ತು, ಬಿಪಿ ಮಾತ್ರೆ ಅಮ್ಲೋಡಿಪಿನ್ 5 ಮಿಲಿಗ್ರಾಂ ತಿಂಗಳ ಹದಿನೈದಕ್ಕೇ ಖಾಲಿ. ಮೂವತ್ತು ದಿನದ್ದು ಕೊಡ್ಬೇಕಿದ್ದ ಜಾಗದಲ್ಲಿ ಹತ್ತು ದಿನದ್ದು ಕೊಟ್ಟು ಮತ್ತೆ ಬನ್ನಿ ಅಂದ್ರೆ ಕೂಲಿ ಬಿಟ್ಟು ಯಾರು ಬರ್ತಾರೆ, ಅರ್ಧ ಜನ ಅಲ್ಲೇ ನಿಲ್ಲಿಸಿದ್ರು. ಕಮ್ಮಿ ಬರೆದ ತಪ್ಪು ಬರೀ ಪೇಪರಲ್ಲಿ ನಿಂತಿರ್ಲಿಲ್ಲ ಅನ್ನೋದು ನಂಗೆ ತಟ್ಟಿದ್ದು ಆ ಖಾಲಿ ಡಬ್ಬಿ ಮುಂದೆ. ಎರಡು ತಿಂಗಳು ಪಕ್ಕದ ಸೆಂಟರಿಂದ ಸಾಲ ತಂದು ಕೊಟ್ವಿ, ಆಮೇಲೆ ಹೊಸ ಲೆಕ್ಕದ ಸ್ಟಾಕ್ ಬಂತು. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಈಗ ನಮ್ಮ ಕಡೆಗೂ ಬಂದಿದೆ, ಮನೆ ಬಾಗಿಲಿಗೇ ಹೋಗಿ ನೋಡೋದು, ಒಳ್ಳೇದೇ, ಆದ್ರೆ ಮನೆ ಬಾಗಿಲಿಗೆ ಬೀಗ ಇದ್ರೆ?

ಬೀಗ ಹಾಕಿ ಗುಳೆ ಹೋದೋರ ಲಿಸ್ಟ್ ಈಗ ಬೇರೆ ನೋಟ್‌ಬುಕ್ಕಲ್ಲಿ ಇದೆ, ಟಾರ್ಗೆಟ್‌ಗೆ ಸೇರಲ್ಲ, ಯಾರೂ ಕೇಳಲ್ಲ. ಅವ್ರೆಲ್ಲ ಊರಲ್ಲಿ ಸಿಗೋದು ಯುಗಾದಿ ವಾರ, ಆಮೇಲೆ ಊರಮ್ಮನ ಜಾತ್ರೆ. ಈ ಸಲ ಹೊಸತೊಡಕಿನ ಮಾರನೇ ದಿನ ಬೆಳಗ್ಗೆ ಡೈರಿ ಬೆಂಚಿಗೆ ಬರೋಕೆ ಹೇಳಿದ್ವಿ. ಬಾಡೂಟ, ಎಣ್ಣೆ, ಎಲ್ಲಾ ಆಗಿ ಎಲ್ರ ಬಿಪಿನೂ ಮೇಲೆ ಇರುತ್ತೆ ಅಂತ ಗೌರಕ್ಕ ಮೊದ್ಲೇ ಹೇಳಿದ್ರು, ಹಂಗೇ ಆಯ್ತು, ವಾರ ಬಿಟ್ಟು ಎಲ್ರನ್ನೂ ಮತ್ತೆ ಕೂರಿಸ್ಬೇಕಾಯ್ತು, ಅಷ್ಟರಲ್ಲಿ ಎರಡು ಮನೆಯೋರು ಬೆಂಗಳೂರು ಬಸ್ ಹತ್ತಿಯಾಗಿತ್ತು. ತಿಪ್ಪೇಶಣ್ಣ ಕೋಲು ಊರ್ಕೊಂಡು ಬಂದು ಬೆಂಚಿನ ತುದೀಲಿ ಕೂತಿದ್ರು, ಸರದಿ ಬಂದಾಗ ನಾನು ಅಭ್ಯಾಸದ ಮೇಲೆ ಎಡಗೈಗೆ ಪಟ್ಟಿ ಸುತ್ತೋಕೆ ಹೋದೆ. "ಆ ಕೈ ಬ್ಯಾಡ ಮೇಡಂ, ಡಾಕ್ಟ್ರು ಈ ಕೈಗೇ ನೋಡ್ಬೇಕು ಅಂದಾರೆ" ಅಂತ ಬಲಗೈ ಚಾಚಿದ್ರು. 146/88. ಮಾತ್ರೆ ಸರಿಯಾಗಿ ತಗೋತಿದ್ದೀರಾ ಅಂದೆ, ಹನುಮಕ್ಕ ಹಿಂದಿನಿಂದ "ಎಸ್ಟೇಟಿಗೆ ನಾನೊಬ್ಳೇ ಹೋಗಿದ್ದೆ ಮೂರು ತಿಂಗಳು, ಇವ್ರಿಗೆ ನೆನಪು ಮಾಡೋರು ಯಾರಿದ್ರು" ಅಂದ್ರು.